ಮೇಲಿನ ಕೆಂಡ, ಕೆಳಗಿನ ಕೆಂಡ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನೆರೆಕರೆಯವರು ಸೇರಿದ್ದಾಗ ಮನೆಯ ಬೇಕಿಂಗ್ ಬಗ್ಗೆ ಆಡಿದ ಮಾತುಗಳ ಬರಹ ರೂಪ.

ಕೇಕ್, ಬನ್, ಬಿಸ್ಕೆಟ್ ಎಲ್ಲ ಬೇಕರಿಯವರ ಕೆಲಸ, ನಮ್ಮ ಅಡುಗೆಮನೆಯದ್ದಲ್ಲ ಎನ್ನುವವರು ನಮ್ಮಲ್ಲಿ ತುಂಬಾ ಜನ. ಆ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕೆಂಡತ್ತಡ್ಯ ತಿಂದು ಬೆಳೆದವರು. ಹವ್ಯಕರ ಮನೆಯಲ್ಲಿ ಕೆಂಡತ್ತಡ್ಯ, ತುಳು ಮಾತಾಡುವ ಮನೆಯಲ್ಲಿ ಗೆಂಡದಡ್ಯೆ. ಅದನ್ನು ಮಾಡುವ ಕ್ರಮ ಒಮ್ಮೆ ನೆನಪು ಮಾಡಿಕೊಳ್ಳಿ.

ಬೆಳ್ತಿಗೆ ಅಕ್ಕಿ ನೆನೆಹಾಕಿ, ತೆಂಗಿನಕಾಯಿ ಮತ್ತು ಬೆಲ್ಲ ಸೇರಿಸಿ ತರಿತರಿಯಾಗಿ ಕಡೆಯುತ್ತಾರೆ. ಮುಳ್ಳುಸೌತೆ ತುರಿದು ಹಾಕುತ್ತಾರೆ. ದಪ್ಪ ತಳದ ಪಾತ್ರೆಯೊಳಗೆ ಬಾಡಿಸಿದ ಬಾಳೆಲೆ ಹಾಸಿ, ಹಿಟ್ಟು ಹೊಯ್ದು, ಮುಚ್ಚಳ ಮುಚ್ಚುತ್ತಾರೆ. ಒಲೆಯಲ್ಲಿ ಉರಿ ಇರಬಾರದು, ಕೆಂಡ ಮಾತ್ರ ಇರಬೇಕು. ಆಮೇಲೆ ಮುಚ್ಚಳದ ಮೇಲೂ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಕೆಂಡ ಹರಡುತ್ತಾರೆ. ಕೆಳಗಿನದ್ದಕ್ಕಿಂತ ಮೇಲಿನ ಕೆಂಡ ಜಾಸ್ತಿ. ಯಾಕೆ? ಕೆಳಗೆ ಹಿಟ್ಟು ಪಾತ್ರೆಗೆ ತಾಗಿಕೊಂಡೇ ಇದೆ, ಬಿಸಿ ನೇರವಾಗಿ ಹಿಡಿಯುತ್ತದೆ. ಮೇಲೆ ಹಿಟ್ಟಿಗೂ ಮುಚ್ಚಳಕ್ಕೂ ನಡುವೆ ಗಾಳಿ ಇದೆ. ಆ ಗಾಳಿಯನ್ನು ದಾಟಿ ಬಿಸಿ ಬರಬೇಕಾದರೆ ಕೆಂಡ ಹೆಚ್ಚು ಬೇಕು. ಬೆಂದಿತೋ ಇಲ್ಲವೋ ಎಂದು ನೋಡಲು ತೆಂಗಿನ ಗರಿಯ ಕಡ್ಡಿ ಚುಚ್ಚುತ್ತಾರೆ. ಕಡ್ಡಿಗೆ ಹಿಟ್ಟು ಅಂಟದಿದ್ದರೆ ಆಯಿತು. ಅಂಚು ಬಾಳೆಲೆಯಿಂದ ಬಿಟ್ಟುಕೊಂಡಿದ್ದರೂ ಆಯಿತು.

ಇವತ್ತು ಓವನ್ನಿನ ಜೊತೆ ಬರುವ ಪುಸ್ತಕದಲ್ಲಿ ಇರುವುದೂ ಇಷ್ಟೇ, ಅಲ್ವಾ? ಮೇಲೊಂದು ಸರಳು, ಕೆಳಗೊಂದು ಸರಳು, ಒಂದು ಕಡ್ಡಿ. ಬೇಕಿಂಗ್ ಅಂದರೆ ಮೇಲಿನ ಬಿಸಿಯನ್ನೂ ಕೆಳಗಿನ ಬಿಸಿಯನ್ನೂ ಹದ ನೋಡಿ ಕೊಡುವ ಕೆಲಸ. ಅದು ಕೈಗೆ ಹತ್ತಿದರೆ, ನಮ್ಮ ತೋಟದ ಸಾಮಾನಿನಲ್ಲೇ ಮನೆಯ ಚಾಕ್ಕೂ ಆಗುತ್ತದೆ, ಮದುವೆ ಪೂಜೆಯಂಥ ಜೆಂಬರಕ್ಕೂ ಆಗುತ್ತದೆ. ಇವತ್ತು ನಾನು ಹೇಳಬೇಕು ಎಂದಿರುವುದು ಇದನ್ನೇ.

ನೆರೆಮನೆಗಳನ್ನೂ ನೋಡಿ. ಇಲ್ಲಿಯ ಮಾಪಿಳ್ಳೆ ಮನೆಗಳ ಕಲ್ತಪ್ಪ ಗೊತ್ತಲ್ಲ? ಅಕ್ಕಿ, ಬೆಲ್ಲ, ತುಪ್ಪದಲ್ಲಿ ಹುರಿದ ಸಣ್ಣ ಈರುಳ್ಳಿ, ಕಾಯಿ ಚೂರು. ಹಿಂದೆ ಉರುಳಿಯಲ್ಲಿ, ಮೇಲೆ ಕೆಂಡ ಇಟ್ಟು. ಈಗ ಕುಕ್ಕರಿನಲ್ಲಿ, ವೆಯ್ಟ್ ಹಾಕದೆ. ಒಳಗೆ ಜೇನುಗೂಡಿನ ಹಾಗೆ ತೂತು ತೂತಾಗಿ ಬಂದರೆ ಮಾತ್ರ ಅದು ಸರಿಯಾದ ಕಲ್ತಪ್ಪ. ಕಾಯಿಪೋಳ ಇನ್ನೊಂದು. ನೇಂದ್ರ ಬಾಳೆಹಣ್ಣನ್ನು ತುಪ್ಪದಲ್ಲಿ ಹುರಿದು, ಮೊಟ್ಟೆ, ಸಕ್ಕರೆ, ಏಲಕ್ಕಿಯ ಜೊತೆ ಸೇರಿಸಿ ಬೇಯಿಸುವುದು. ಅದಕ್ಕೂ ಮೇಲಿನಿಂದ ಕೆಂಡ. ಬೇಳದ ಕಡೆಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಬಂದರೆ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ತುಂಬುತ್ತದೆ. ನೂರಾರು ವರ್ಷಗಳಿಂದ ಒಬ್ಬರ ಬೇಲಿಗೆ ಒಬ್ಬರ ಬೇಲಿ ತಾಗಿಕೊಂಡು ಬದುಕಿದ ಊರು ಇದು. ತಿಂಡಿ ತಟ್ಟೆಗಳು ಆ ಬೇಲಿ ದಾಟುತ್ತಲೇ ಇದ್ದವು.

ಸ್ವಲ್ಪ ದಕ್ಷಿಣಕ್ಕೆ ಹೋದರೆ ತಲಶ್ಶೇರಿ. ಅಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಎನ್ನುವ ಬಿಸ್ಕೆಟ್ ತಯಾರಕರು ಕ್ರಿಸ್‌ಮಸ್ ಕೇಕ್ ಮಾಡಿದರು ಎನ್ನುವ ಕಥೆಯನ್ನು ಕೇರಳದಲ್ಲಿ ಎಲ್ಲರೂ ಹೇಳುತ್ತಾರೆ. ಮರ್ಡಕ್ ಬ್ರೌನ್ ಎಂಬ ತೋಟದ ಸಾಹೇಬ ವಿಲಾಯತಿಯಿಂದ ಬಂದ ಕೇಕನ್ನು ತೋರಿಸಿ, ಇಂಥದ್ದೇ ಮಾಡಿಕೊಡು ಎಂದನಂತೆ. ಬಾಪು ಬ್ರಾಂಡಿಯ ಬದಲು ಗೇರುಹಣ್ಣು ಮತ್ತು ಕದಳಿ ಬಾಳೆಹಣ್ಣಿನಿಂದ ಇಳಿಸಿದ ನಾಡಮದ್ಯ ಹಾಕಿದರು ಎಂದು ಆ ಕಥೆ ಹೇಳುತ್ತದೆ. ನನಗೆ ಆ ಕಥೆಯಲ್ಲಿ ಇಷ್ಟವಾಗುವುದು ಗೇರುಹಣ್ಣು. ಕಣ್ಣ ಮುಂದೆ ಇದ್ದದ್ದನ್ನು ಅವರು ಹಾಕಿದರು. ನಾವೂ ಹಾಗೇ ಮಾಡಬೇಕು.

ಈಗ ಬಿಸಿಯ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಒಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಇದೆ. ಮದುವೆಗೋ ಮನೆ ಒಕ್ಕಲಿಗೋ ಉಡುಗೊರೆಯಾಗಿ ಬಂದದ್ದು. ಕೆಲವರು ಒಂದೆರಡು ಸಲ ಕೇಕ್ ಮಾಡಿ, ನಡುವೆ ಕುಸಿಯಿತು ಎಂದು ಅದನ್ನು ಅಟ್ಟಕ್ಕೆ ಹಾಕಿದ್ದಾರೆ. ಕೇಕ್ ಕುಸಿದರೆ ಎಲ್ಲರೂ ಸೋಡಾವನ್ನು ಬೈಯುತ್ತಾರೆ, ಅಥವಾ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಕರೆಂಟಿನ ಕಡೆ ಯಾರೂ ನೋಡುವುದಿಲ್ಲ.

ನಮ್ಮ ಊರುಗಳಲ್ಲಿ ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತು, ಎಲ್ಲರ ಪಂಪೂ ಓಡುವಾಗ, ವೋಲ್ಟೇಜ್ ಎಷ್ಟಿರುತ್ತದೆ? ಟ್ಯೂಬ್‌ಲೈಟ್ ಮಿಣುಕುತ್ತಿದ್ದರೆ ಓವನ್ನಿಗೂ ಅದೇ ಗತಿ. ಓವನ್ನಿನ ಸರಳು 230 ವೋಲ್ಟಿಗೆ ಲೆಕ್ಕ ಹಾಕಿ ಮಾಡಿದ್ದು. ವೋಲ್ಟೇಜ್ 180ಕ್ಕೆ ಇಳಿದರೆ ಬಿಸಿ ಸ್ವಲ್ಪವೇ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ. ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಇಳಿಯುತ್ತದೆ. 1500 ವಾಟಿನ ಓವನ್ 180 ವೋಲ್ಟಿನಲ್ಲಿ ಹೆಚ್ಚುಕಡಿಮೆ 920 ವಾಟಿನಷ್ಟೇ ಬಿಸಿ ಕೊಡುತ್ತದೆ. ಹತ್ತು ನಿಮಿಷದಲ್ಲಿ ಕಾಯಬೇಕಾದ ಓವನ್ ಇಪ್ಪತ್ತು ನಿಮಿಷವಾದರೂ ಕಾಯುವುದಿಲ್ಲ. ನೀವು ಪುಸ್ತಕ ನೋಡಿ ಹತ್ತು ನಿಮಿಷಕ್ಕೆ ಕೇಕ್ ಒಳಗಿಡುತ್ತೀರಿ. ಸೋಡಾ ತನ್ನ ಗಾಳಿಯನ್ನೆಲ್ಲ ಬಿಟ್ಟು ಮುಗಿಸುತ್ತದೆ, ಹಿಟ್ಟು ಮಾತ್ರ ಇನ್ನೂ ಗಟ್ಟಿಯಾಗಿರುವುದಿಲ್ಲ. ಉಬ್ಬಿದ್ದು ಇಳಿಯದೆ ಏನು ಮಾಡೀತು?

ಹಾಗಾಗಿ ಎರಡು ಕೆಲಸ ಮಾಡಿ. ಪಂಪು ಓಡದ ಹೊತ್ತು ನೋಡಿ ಬೇಯಿಸಿ, ಮಧ್ಯಾಹ್ನ ಊಟ ಆದ ಮೇಲೆ ಹೆಚ್ಚಾಗಿ ಸರಿ ಇರುತ್ತದೆ. ಮತ್ತೆ ಓವನ್ನಿನ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ತೆಗೆದುಕೊಳ್ಳಿ, ಕೆಲವೇ ನೂರು ರೂಪಾಯಿ. ಓವನ್ನಿನ ಗುಂಡಿ 180 ಡಿಗ್ರಿ ಎಂದು ತೋರಿಸಿದರೆ ಒಳಗೆ 180 ಡಿಗ್ರಿ ಇದೆ ಎಂದು ಅರ್ಥವಲ್ಲ. ಥರ್ಮಾಮೀಟರ್ ಇಲ್ಲದವರು ಸಕ್ಕರೆಯಿಂದ ನೋಡಬಹುದು. ಸಕ್ಕರೆ 186 ಡಿಗ್ರಿಯ ಹತ್ತಿರ ಕರಗುತ್ತದೆ. ಒಂದು ಚಮಚ ಸಕ್ಕರೆಯನ್ನು ಸಣ್ಣ ತಟ್ಟೆಯಲ್ಲಿ ಹಾಕಿ, ಕಾದ ಓವನ್ನಿನಲ್ಲಿ 175ಕ್ಕೆ ಹದಿನೈದು ನಿಮಿಷ ಇಡಿ. ಕರಗಿದರೆ ನಿಮ್ಮ ಓವನ್ ಹೇಳಿದ್ದಕ್ಕಿಂತ ಜಾಸ್ತಿ ಬಿಸಿ. 190ಕ್ಕೆ ಇಟ್ಟೂ ಕರಗದಿದ್ದರೆ ಹೇಳಿದ್ದಕ್ಕಿಂತ ಕಡಿಮೆ. ಎಷ್ಟು ವ್ಯತ್ಯಾಸ ಎನ್ನುವುದು ಒಮ್ಮೆ ಗೊತ್ತಾದರೆ ಮತ್ತೆ ಆ ಲೆಕ್ಕ ಹಿಡಿದೇ ಗುಂಡಿ ತಿರುಗಿಸಬಹುದು.

ಓವನ್ ಇಲ್ಲದವರು ಕುಕ್ಕರಿನಲ್ಲಿ ಮಾಡಬಹುದಾ ಎಂದು ಈಗಷ್ಟೇ ಒಬ್ಬರು ಕೇಳಿದರು. ಮಾಡಬಹುದು. ರಬ್ಬರ್ ತೆಗೆಯಬೇಕು, ವೆಯ್ಟ್ ತೆಗೆಯಬೇಕು, ನೀರು ಹಾಕಬಾರದು. ತಳಕ್ಕೆ ಉಪ್ಪು ಹರಡಿ, ಒಂದು ಸಣ್ಣ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ ಮತ್ತೆ ಕೇಕಿನ ಪಾತ್ರೆ ಇಡಿ. ನೀರಿಲ್ಲದೆ ಕಾಯಿಸಿದರೆ ಕುಕ್ಕರ್ ಹಾಳಾಗುತ್ತದೆ, ಅನ್ನ ಮಾಡುವ ಒಳ್ಳೆಯ ಕುಕ್ಕರನ್ನು ಇದಕ್ಕೆ ಇಳಿಸಬೇಡಿ. ಹಳೆಯ ದಪ್ಪ ಬಾಣಲೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ ಇದ್ದರೆ ಇನ್ನೂ ಒಳ್ಳೆಯದು. ಕೇಕ್ ಚೆನ್ನಾಗಿಯೇ ಬೇಯುತ್ತದೆ. ಮೇಲ್ಭಾಗ ಮಾತ್ರ ಬಿಳಚಿಕೊಂಡು ಒದ್ದೆ ಒದ್ದೆಯಾಗಿ ಉಳಿಯುತ್ತದೆ, ಮೇಲಿನ ಕೆಂಡ ಇಲ್ಲವಲ್ಲ. ಬಾಣಲೆಯಾದರೆ ದೋಸೆ ಕಾವಲಿಯನ್ನು ಚೆನ್ನಾಗಿ ಕಾಯಿಸಿ ಮುಚ್ಚಳದ ಮೇಲೆ ಇಡಿ. ಕೆಂಪಾಗುವಷ್ಟು ಅಲ್ಲ, ಒಣಗುವಷ್ಟು ಬಿಸಿ ಸಿಗುತ್ತದೆ. ಸಾದಾ ಮೈಕ್ರೋವೇವ್ ಬೇಡ. ಅದು ಬೇಯಿಸುತ್ತದೆ, ಕೆಂಪು ಮಾಡುವುದಿಲ್ಲ. ಕನ್ವೆಕ್ಷನ್ ಇರುವ ಮೈಕ್ರೋವೇವ್ ಆದರೆ ಅಡ್ಡಿಯಿಲ್ಲ.

ಅಂದ ಹಾಗೆ, ಕೆಂಡತ್ತಡ್ಯವನ್ನು ಒಟಿಜಿಯಲ್ಲಿ ಮಾಡಿದರೂ ಒಳ್ಳೆಯದಾಗುತ್ತದೆ. 180 ಡಿಗ್ರಿ, ಎರಡೂ ಸರಳು, ಮುಕ್ಕಾಲು ಗಂಟೆ. ಬಾಳೆಲೆ ಬಿಡಬೇಡಿ. ಗೆರಟೆಯ ಹೊಗೆಯ ಪರಿಮಳ ಬರುವುದಿಲ್ಲ, ಅದು ಬೇಕಾದರೆ ಒಲೆಯೇ ಬೇಕು. ಆದರೆ ಅಡಿ ಹಿಡಿಯುವ ಭಯ ಇಲ್ಲ.

ಹಿಟ್ಟು ಉಬ್ಬುವ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸೋಡಾಕ್ಕೆ ಹುಳಿ ಬೇಕು. ಮಜ್ಜಿಗೆ, ಮೊಸರು, ಹಣ್ಣಾದ ಬಾಳೆಹಣ್ಣು, ಬೆಲ್ಲ, ಇವುಗಳಲ್ಲಿ ಹುಳಿ ಇದೆ. ಬೇಕಿಂಗ್ ಪೌಡರಿನಲ್ಲಿ ಹುಳಿ ಆಗಲೇ ಸೇರಿದೆ. ಒಂದು ಕಪ್ ಹಿಟ್ಟಿಗೆ ಸೋಡಾ ಕಾಲು ಚಮಚದಿಂದ ಅರ್ಧ ಚಮಚ, ಬೇಕಿಂಗ್ ಪೌಡರ್ ಆದರೆ ಒಂದು ಚಮಚ. ಚಮಚ ಅಂದರೆ ಚಾ ಚಮಚ, ಅದೂ ಮಟ್ಟ ಮಾಡಿದ್ದು. ಸೋಡಾ ಜಾಸ್ತಿಯಾದರೆ ಸಾಬೂನಿನ ರುಚಿ. ಮಂಗಳೂರು ಬನ್ಸ್ ಮಾಡುವವರಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಬಾಳೆಹಣ್ಣು, ಮೊಸರು, ಸೋಡಾ, ಅದೇ ಲೆಕ್ಕ. ಆದರೆ ಬನ್ಸನ್ನು ದಯವಿಟ್ಟು ಓವನ್ನಿನಲ್ಲಿ ಮಾಡಲು ಹೋಗಬೇಡಿ. ಎಣ್ಣೆಗೆ ಬಿದ್ದು ಒಮ್ಮೆಲೇ ಉಬ್ಬುವುದರಲ್ಲೇ ಅದರ ಸೊಗಸು ಇರುವುದು. ಕರಿಯಬೇಕಾದ್ದನ್ನು ಕರಿಯಲೇಬೇಕು.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಬಾಳೆಹಣ್ಣು ಬೆಲ್ಲದ ಕೇಕ್. ಎಲ್ಲವೂ ಮನೆಯಲ್ಲೇ ಇರುತ್ತದೆ, ಮೊಟ್ಟೆಯೂ ಬೇಡ. ಗೊನೆ ಒಟ್ಟಿಗೇ ಹಣ್ಣಾಗಿ, ಮಕ್ಕಳೂ ತಿನ್ನದೆ, ಸಿಪ್ಪೆ ಕಪ್ಪಾಗಿ ಕೂತಿರುತ್ತದಲ್ಲ, ಅದೇ ಹಣ್ಣು ಆಗಬೇಕು. ಕದಳಿ ಆದರೂ ಆಯಿತು, ಮೈಸೂರು ಬಾಳೆ ಆದರೂ ಆಯಿತು. ಹಿಸುಕಿದ ಹಣ್ಣು ಒಂದು ಕಪ್. ಪುಡಿ ಮಾಡಿದ ಬೆಲ್ಲ ಮುಕ್ಕಾಲು ಕಪ್. ತೆಂಗಿನೆಣ್ಣೆ ಅರ್ಧ ಕಪ್, ಮಿಲ್ಲಿನಿಂದ ತಂದ ನಮ್ಮದೇ ಕೊಬ್ಬರಿಯ ಎಣ್ಣೆ. ಹುಳಿ ಮೊಸರು ಅರ್ಧ ಕಪ್. ಇಷ್ಟನ್ನು ಬೆಲ್ಲ ಕರಗುವವರೆಗೆ ಕಲಸಿ. ಬೆಲ್ಲದಲ್ಲಿ ಮರಳು ಇದ್ದರೆ ಮೊದಲೇ ಎರಡು ಚಮಚ ನೀರು ಹಾಕಿ ಬಿಸಿ ಮಾಡಿ ಸೋಸಿ, ತಣಿಸಿಕೊಳ್ಳಿ. ಇನ್ನೊಂದು ಪಾತ್ರೆಯಲ್ಲಿ ಗೋಧಿಹಿಟ್ಟು ಒಂದೂವರೆ ಕಪ್, ಸೋಡಾ ಮುಕ್ಕಾಲು ಚಮಚ, ಬೇಕಿಂಗ್ ಪೌಡರ್ ಅರ್ಧ ಚಮಚ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಇದನ್ನು ಜರಡಿ ಹಿಡಿದು ಅದಕ್ಕೆ ಹಾಕಿ.

ಇಲ್ಲಿ ಕೈ ನಿಧಾನ ಆಗಬೇಕು. ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈ ಸುಮ್ನೆ ಇರುವುದಿಲ್ಲ, ತಿರುಗಿಸುತ್ತಲೇ ಇರುತ್ತದೆ. ತಿರುಗಿಸಿದಷ್ಟೂ ಗೋಧಿಯ ಅಂಟು ಏಳುತ್ತದೆ, ಕೇಕ್ ರಬ್ಬರಿನಂತೆ ಎಳೆಯುತ್ತದೆ. ಒಣ ಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. ಅಲ್ಲಲ್ಲಿ ಸಣ್ಣ ಗಂಟು ಇದ್ದರೂ ಪರವಾಗಿಲ್ಲ. ಏಳು ಇಂಚಿನ ಪಾತ್ರೆಗೆ ಎಣ್ಣೆ ಸವರಿ, ಕಾಗದ ಹಾಸಿ, ಹೊಯ್ದು, 170 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಮೂವತ್ತು ನಿಮಿಷ ಆಗುವವರೆಗೆ ಬಾಗಿಲು ತೆರೆಯಬೇಡಿ. ಬೆಲ್ಲ ಇರುವುದರಿಂದ ಮೇಲೆ ಬೇಗ ಕಪ್ಪಾಗುತ್ತದೆ. ಬಣ್ಣ ಸಾಕು ಎಂದು ಕಂಡರೆ ಮೇಲಿನ ಸರಳು ಆರಿಸಿ, ಅಥವಾ ಒಂದು ಫಾಯಿಲ್ ಮುಚ್ಚಿ. ಬಿಸಿ ಇರುವಾಗ ಕತ್ತರಿಸಬೇಡಿ. ಮರುದಿನ ಬೆಳಗ್ಗೆ ತಿಂದು ನೋಡಿ, ಎಣ್ಣೆ, ಬೆಲ್ಲ, ಹಣ್ಣು ಮೂರೂ ಒಂದಾಗಿರುತ್ತವೆ. ಅವತ್ತಿನ ರುಚಿಯೇ ಬೇರೆ.

ಪುಸ್ತಕದಲ್ಲಿ ಬೆಣ್ಣೆ ಹೇಳಿದ ಕಡೆ ತೆಂಗಿನೆಣ್ಣೆ ಹಾಕಬಹುದಾ? ಹಾಕಬಹುದು, ಆದರೆ ಅಷ್ಟೇ ತೂಕ ಬೇಡ. ಬೆಣ್ಣೆಯಲ್ಲಿ ಜಿಡ್ಡು 80 ಶೇಕಡದಷ್ಟು, ಉಳಿದದ್ದು ಹೆಚ್ಚಾಗಿ ನೀರು. 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ಎಣ್ಣೆ ಸಾಕು. ಬೆಣ್ಣೆ ಮತ್ತು ಸಕ್ಕರೆಯನ್ನು ಬಿಳುಪಾಗುವವರೆಗೆ ಕಡೆಯುವ ಕೇಕ್ ಇದೆಯಲ್ಲ, ಅದು ನಮ್ಮ ಏಪ್ರಿಲ್ ಸೆಕೆಗೆ ಹೇಳಿದ್ದಲ್ಲ. ಬೆಣ್ಣೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಗಾಳಿ ಹಿಡಿದುಕೊಳ್ಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಹತ್ತು ಗಂಟೆಗೇ 32 ಡಿಗ್ರಿ. ಬೆಣ್ಣೆ ಎಣ್ಣೆಯಾಗಿ ಹರಿಯುತ್ತದೆ, ಗಾಳಿ ಎಲ್ಲಿ ನಿಲ್ಲಬೇಕು? ಅಂಥ ಕೇಕ್ ಮಾಡಲೇಬೇಕಾದರೆ ಬೆಳಗಿನ ಜಾವ ಮಾಡಿ, ಇಲ್ಲವಾದರೆ ಮಳೆಗಾಲಕ್ಕೆ ಇಡಿ.

ಮೊಟ್ಟೆಯ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ಮೊಟ್ಟೆ ತಿನ್ನುವವರೂ ಇದ್ದೀರಿ, ಮನೆಯೊಳಗೆ ತರದವರೂ ಇದ್ದೀರಿ. ಒಂದೆರಡು ಮೊಟ್ಟೆ ಹಾಕುವ ಕೇಕ್ ಆದರೆ ಎರಡು ಮೊಟ್ಟೆಯ ಬದಲು ಅರ್ಧ ಕಪ್ ಮೊಸರು, ಅರ್ಧ ಚಮಚ ಸೋಡಾ ಹಾಕಿ, ಆಗುತ್ತದೆ. ನಾಲ್ಕೈದು ಮೊಟ್ಟೆ ಕಡೆದು ಮಾಡುವ ಸ್ಪಂಜ್ ಕೇಕಿಗೆ ಬದಲು ಹುಡುಕಬೇಡಿ. ಅಲ್ಲಿ ಮೊಟ್ಟೆಯೇ ಕೇಕ್. ಅದರ ಹಟ ಬಿಟ್ಟು ಮೊದಲಿನಿಂದಲೇ ಮೊಟ್ಟೆ ಬೇಡದ್ದನ್ನು ಆರಿಸಿಕೊಳ್ಳಿ. ಇನ್ನೊಂದು ಮಾತು. ಜೆಂಬರಕ್ಕೆ ಹಲವು ಮನೆಯವರು ಬರುತ್ತಾರೆ. ಮೊಟ್ಟೆ ಹಾಕಿದ್ದು ಯಾವುದು, ಹಾಕದ್ದು ಯಾವುದು ಎಂದು ಕೇಳುವ ಮೊದಲೇ ಹೇಳಿಬಿಡಿ. ತಟ್ಟೆ ಬೇರೆ, ಚೂರಿ ಬೇರೆ ಇಡಿ. ತಿನ್ನುವವರ ಮನಸ್ಸಿಗೆ ನೆಮ್ಮದಿ ಇರಬೇಕು.

ಜೆಂಬರ ಎಂದೆ. ಯಾವಾಗ ಏನು ಮಾಡಬೇಕು ಎನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಊಟದ ಎಲೆಗೆ ಕೇಕ್ ಬಡಿಸಬೇಡಿ. ಪಾಯಸ, ಹೋಳಿಗೆ ಇರುವ ಎಲೆಯಲ್ಲಿ ಅದಕ್ಕೆ ಜಾಗ ಇಲ್ಲ, ಬೇಕಾಗಿಯೂ ಇಲ್ಲ. ಬೇಕಿಂಗಿಗೆ ಒಳ್ಳೆಯ ಹೊತ್ತು ಬೇರೆ ಇದೆ. ಬಂದವರಿಗೆ ಬಾಯಾರಿಕೆಗೆ ಆಸರಿಗೆ ಕೊಡುವಾಗ, ಸಂಜೆಯ ಚಾಕ್ಕೆ, ಮದುವೆಯ ಹಿಂದಿನ ದಿನ ತರಕಾರಿ ಹೆಚ್ಚಲು ಕೂತವರಿಗೆ. ಅದಕ್ಕಿಂತಲೂ ಒಳ್ಳೆಯದು ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಹಾಡು ಮತ್ತು ಮಾತಿನಲ್ಲೇ (ಅದೇ ಅರ್ಥ) ನಡೆಸುವ ಯಕ್ಷಗಾನ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆ ಇದು. ಮನೆ ಮನೆಯಲ್ಲಿ ತಾಳಮದ್ದಳೆ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಚಾ ಕೊಡುವಾಗ ಬಿಸಿ ಬಿಸಿ ಕರಿದು ಕೊಡಲು ಅಡುಗೆಮನೆಯಲ್ಲಿ ಇಬ್ಬರು ಒದ್ದಾಡುತ್ತಾರೆ, ಅವರಿಗೆ ಅರ್ಥ ಕೇಳುವ ಯೋಗ ಇಲ್ಲ. ಅದರ ಬದಲು ಹಿಂದಿನ ದಿನವೇ ಖಾರ ಬಿಸ್ಕೆಟ್ ಮಾಡಿ ಡಬ್ಬದಲ್ಲಿ ಇಟ್ಟರೆ ಅವರೂ ಬಂದು ಕೂರಬಹುದಲ್ಲ?

ಖಾರ ಬಿಸ್ಕೆಟಿಗೆ ಮೈದಾ ಒಂದು ಕಪ್, ಅಕ್ಕಿಹಿಟ್ಟು ಕಾಲು ಕಪ್, ತಣ್ಣನೆಯ ಬೆಣ್ಣೆ 75 ಗ್ರಾಂ, ಸಕ್ಕರೆ ಪುಡಿ ಒಂದು ದೊಡ್ಡ ಚಮಚ, ಉಪ್ಪು ಮುಕ್ಕಾಲು ಚಮಚ, ಬೇಕಿಂಗ್ ಪೌಡರ್ ಕಾಲು ಚಮಚ. ಕರಿಬೇವು, ಕೊತ್ತಂಬರಿ ಸೊಪ್ಪು, ಗಾಂಧಾರಿ ಮೆಣಸು ಸಣ್ಣಗೆ ಹೆಚ್ಚಿ. ಗಾಂಧಾರಿಯ ಪರಿಮಳ ಹಸಿಮೆಣಸಿಗೆ ಬರುವುದಿಲ್ಲ, ಆದರೆ ನಾಲ್ಕಕ್ಕಿಂತ ಜಾಸ್ತಿ ಹಾಕಬೇಡಿ. ಕರಿಬೇವು ತೊಳೆದರೆ ಚೆನ್ನಾಗಿ ಒರೆಸಿಯೇ ಹೆಚ್ಚಬೇಕು. ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಿಂದ ಉಜ್ಜಿ, ರವೆಯಂತಾದ ಮೇಲೆ ಎರಡು ದೊಡ್ಡ ಚಮಚ ಮೊಸರು ಹಾಕಿ ಒಟ್ಟು ಮಾಡಿ. ನಾದಬಾರದು. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಿ, ಇಲ್ಲವಾದರೆ ನಮ್ಮ ಸೆಕೆಗೆ ಬಿಸ್ಕೆಟ್ ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, 170 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಅಂಚು ಕೆಂಪಾದ ಕೂಡಲೇ ಓವನ್ ಆರಿಸಿ, ಬಾಗಿಲಿಗೆ ಒಂದು ಮರದ ಸೌಟು ಅಡ್ಡ ಇಟ್ಟು ಹತ್ತು ನಿಮಿಷ ಒಳಗೇ ಬಿಡಿ. ಒಳಗಿನ ಪಸೆ ಪೂರ್ತಿ ಹೋಗುತ್ತದೆ. ಹಲ್ಲಿಗೆ ಕಟಕ್ ಎನ್ನುವುದು ಈ ಹತ್ತು ನಿಮಿಷದಿಂದ.

ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಜಾಗ ನಮ್ಮದು. ಜುಲೈಯಲ್ಲಿ ಬಿಸ್ಕೆಟ್ ತಟ್ಟೆಯಲ್ಲಿಟ್ಟು ಒಂದು ಗಂಟೆ ಬಿಟ್ಟರೆ ಮೆತ್ತಗಾಗುತ್ತದೆ. ಪೂರ್ತಿ ತಣಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ. ಮೆತ್ತಗಾದದ್ದನ್ನು ಎಸೆಯಬೇಡಿ. 130 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ತಣಿಸಿದರೆ ಮತ್ತೆ ಗರಿಗರಿ. ಹಸಿ ಕಾಯಿತುರಿ ಹಾಕಿದ ಕೇಕ್ ಮಳೆಗಾಲದಲ್ಲಿ ಎರಡನೇ ದಿನಕ್ಕೇ ಬೂಸು ಹಿಡಿಯಬಹುದು, ಅದನ್ನು ಮಾತ್ರ ಫ್ರಿಜ್ಜಿಗೆ ಹಾಕಿ. ಬನ್ ಮತ್ತು ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ. ಜಾಸ್ತಿ ದಿನ ಬೇಕಾದರೆ ನೇರ ಫ್ರೀಜರಿಗೆ.

ಬನ್ನಿಗೆ ಬಂದೆವು. ಇದು ನನಗೆ ಅತಿ ಪ್ರೀತಿಯ ವಿಷಯ, ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಗುಜ್ಜೆಯ, ಅಂದರೆ ಎಳೆ ಹಲಸಿನಕಾಯಿಯ, ಕಾಲ ಬಂದರೆ ಪಲ್ಯವೇ ಪಲ್ಯ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು, ಆದರೆ ಬೇಕರಿಗಳ ಪಫ್ಸಿನೊಳಗೆ ಈಗಲೂ ಬಟಾಟೆಯೇ. ಗುಜ್ಜೆ ಪಲ್ಯದ ಬನ್ ಮಾಡಿ ನೋಡಿ. ತಿಂದವರು ಒಳಗೆ ಏನಿದೆ ಎಂದು ಬಿಡಿಸಿ ನೋಡುತ್ತಾರೆ.

ಹಿಟ್ಟು 500 ಗ್ರಾಂ, ಮೈದಾ ಮುಕ್ಕಾಲು ಪಾಲು, ಗೋಧಿ ಕಾಲು ಪಾಲು. ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 40 ಗ್ರಾಂ, ತೆಂಗಿನೆಣ್ಣೆ 40 ಗ್ರಾಂ, ಹಾಲು ನೀರು ಸೇರಿ 300 ಮಿಲಿಲೀಟರ್. ಮಳೆಗಾಲದಲ್ಲಿ ಹಿಟ್ಟೇ ತೇವ ಹೀರಿಕೊಂಡಿರುತ್ತದೆ. ನೀರನ್ನು ಒಮ್ಮೆಲೇ ಹೊಯ್ಯದೆ ಮೂರು ಚಮಚ ಹಿಂದೆ ಇಟ್ಟುಕೊಳ್ಳಿ. ಹಾಲು ಕೈಗೆ ಉಗುರುಬೆಚ್ಚಗೆ ಇದ್ದರೆ ಸಾಕು. 60 ಡಿಗ್ರಿಗೆ ಯೀಸ್ಟ್ ಸತ್ತೇ ಹೋಗುತ್ತದೆ. ಕೇಕಿಗೆ ಬೇಡ ಎಂದ ನಾದುವ ಕೆಲಸ ಇಲ್ಲಿ ಬೇಕು. ಹತ್ತು ನಿಮಿಷ, ಅಂಗೈಯ ಬುಡದಿಂದ ತಳ್ಳಿ, ಮಡಚಿ, ತಿರುಗಿಸಿ. ಮೊದಲು ಕೈಗೆಲ್ಲ ಅಂಟುತ್ತದೆ, ಆಗ ಹಿಟ್ಟು ಸುರಿಯಬೇಡಿ. ನಾಲ್ಕೈದು ನಿಮಿಷಕ್ಕೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಂದು ಚೂರು ತೆಗೆದು ಎರಡೂ ಕೈಯಿಂದ ಮೆಲ್ಲ ಎಳೆಯಿರಿ. ಹರಿಯದೆ, ಆಚೆ ಬೆಳಕು ಕಾಣುವಷ್ಟು ತೆಳ್ಳಗಾದರೆ ಹದ ಬಂತು.

ಮುಚ್ಚಿಡಿ. ಎಷ್ಟು ಹೊತ್ತು ಎಂದು ಗಡಿಯಾರ ನೋಡಬೇಡಿ. ಚಳಿ ದೇಶದವರ ಪುಸ್ತಕದಲ್ಲಿ ಎರಡು ಗಂಟೆ ಎಂದು ಇರಬಹುದು, ಇಲ್ಲಿ ಮಾರ್ಚಿನಲ್ಲಿ ಮುಕ್ಕಾಲು ಗಂಟೆಗೇ ಇಮ್ಮಡಿ ಆಗುತ್ತದೆ. ಹಿಟ್ಟಿಗೆ ಬೆರಳು ಒತ್ತಿ ನೋಡಿ. ಗುಳಿ ಕೂಡಲೇ ತುಂಬಿದರೆ ಇನ್ನೂ ಆಗಿಲ್ಲ. ಮೆಲ್ಲ ಮೆಲ್ಲ ಅರ್ಧ ತುಂಬಿದರೆ ಸರಿ. ತುಂಬದೆ ಹಾಗೇ ಉಳಿದರೆ ಜಾಸ್ತಿ ಆಗಿದೆ, ಇನ್ನು ತಡ ಮಾಡಬೇಡಿ.

ಅಷ್ಟರಲ್ಲಿ ಪಲ್ಯ. ಗುಜ್ಜೆಯನ್ನು ಬೇಯಿಸಿ ಜಜ್ಜಿ, ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆಯಲ್ಲಿ ಪಸೆ ಪೂರ್ತಿ ಆರುವವರೆಗೆ ಬಾಡಿಸಿ. ಕಾಯಿತುರಿ ಹಾಕುವುದಾದರೆ ಸ್ವಲ್ಪ, ಅದೂ ಹುರಿದು. ಪಲ್ಯದಲ್ಲಿ ನೀರಿದ್ದರೆ ಬನ್ನಿನ ತಳ ಹಸಿಯಾಗಿ ಉಳಿಯುತ್ತದೆ. ಪೂರ್ತಿ ತಣಿದಿರಬೇಕು. ಹಿಟ್ಟನ್ನು ಹದಿನಾರು ಪಾಲು ಮಾಡಿ. ಹೋಳಿಗೆಗೆ ಹೂರಣ ತುಂಬುವ ಕೈಗೆ ಇದು ಕಷ್ಟವೇ ಅಲ್ಲ, ಅಂಚು ತೆಳ್ಳಗೆ, ನಡು ದಪ್ಪ, ಒಟ್ಟು ಮಾಡಿ ಚಿವುಟಿ, ಚಿವುಟಿದ ಭಾಗ ಕೆಳಗೆ. ತಟ್ಟೆಯಲ್ಲಿ ಇಟ್ಟು ಅರ್ಧ ಗಂಟೆ ಬಿಡಿ. ಮೇಲೆ ಹಾಲು ಸವರಿ 200 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಹೊರಗೆ ತೆಗೆದ ಕೂಡಲೇ ತೆಂಗಿನೆಣ್ಣೆ ಅಥವಾ ತುಪ್ಪ ಸವರಿ, ಶುಭ್ರ ಬೈರಾಸು (ಟವೆಲ್) ಮುಚ್ಚಿ. ಮೇಲಿನ ಸಿಪ್ಪೆ ಮೆತ್ತಗಾಗುತ್ತದೆ.

ಪತ್ರೊಡೆಯನ್ನೂ ಹೀಗೆ ಓವನ್ನಿಗೆ ತರಬಹುದು. ಹಬೆಯಲ್ಲಿ ಬೇಯಿಸಿದ್ದನ್ನು ಕತ್ತರಿಸಿ, ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಎರಡೂ ಬದಿ ಗರಿ ಮಾಡುವುದು. ಕಾವಲಿಯಲ್ಲಿ ಆರಾರು ಹಾಕಿ ಕಾಯುವ ಬದಲು ಒಂದೇ ಸಲ ಇಡೀ ತಟ್ಟೆ ಆಗುತ್ತದೆ.

ಜನ ಜಾಸ್ತಿ ಆದಾಗ ಪಾತ್ರೆಯ ಲೆಕ್ಕ ತಪ್ಪುತ್ತದೆ. ಆರು ಇಂಚಿನ ಪಾತ್ರೆಯ ಬದಲು ಎಂಟು ಇಂಚಿನದ್ದು ಎಂದರೆ ಸ್ವಲ್ಪ ದೊಡ್ಡದು ಎಂದು ತೋರುತ್ತದೆ. ತಳದ ವಿಸ್ತೀರ್ಣದ ಲೆಕ್ಕ ಹಾಕಿ. ಆರು ಇಂಚಿನದ್ದು ಸುಮಾರು 28 ಚದರ ಇಂಚು, ಎಂಟರದ್ದು 50, ಹತ್ತರದ್ದು 78. ಅಂದರೆ ಆರರಿಂದ ಎಂಟಕ್ಕೆ ಹೋದರೆ ಸಾಮಾನು ಇಮ್ಮಡಿಯ ಹತ್ತಿರ ಬೇಕು. ಐವತ್ತು ಜನರಿಗೆ ಉರುಟು ಕೇಕ್ ಬೇಡವೇ ಬೇಡ. 9 ಇಂಚು 13 ಇಂಚಿನ ಆಯತ ತಟ್ಟೆಯಲ್ಲಿ ಮಾಡಿ, ನಾಲ್ಕು ಸಾಲು ಆರು ಸಾಲು ಕತ್ತರಿಸಿದರೆ 24 ತುಂಡು. ಎರಡು ತಟ್ಟೆ, ಜೊತೆಗೆ ಒಂದು ಸಣ್ಣ ಕೇಕ್ ಇದ್ದರೆ ಐವತ್ತು ಜನರಿಗೆ ಸಾಕು. ಸಣ್ಣ ಓವನ್ನಿನಲ್ಲಿ ಎರಡು ತಟ್ಟೆ ಒಟ್ಟಿಗೆ ಇಡಬೇಡಿ. ಮೇಲಿನದ್ದು ಕೆಳಗಿನದ್ದರ ಕೆಂಡ ಕದಿಯುತ್ತದೆ.

ಹಲಸಿನ ಬೆರಟಿ, ಅಂದರೆ ಹಣ್ಣನ್ನು ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿದ್ದು, ಇಟ್ಟಿರುವವರು ಕೈ ಎತ್ತಿ ನೋಡೋಣ. ಒಳ್ಳೆಯದು, ತುಂಬಾ ಜನ ಇದ್ದೀರಿ. ಬಾಳೆಹಣ್ಣಿನ ಕೇಕಿನಲ್ಲಿ ಹಣ್ಣಿನ ಬದಲು ಮುಕ್ಕಾಲು ಕಪ್ ಬೆರಟಿಯನ್ನು ಕಾಯಿಹಾಲಿನಲ್ಲಿ ಕದಡಿ ಒಂದು ಕಪ್ ಮಾಡಿ ಹಾಕಿ. ಬೆರಟಿಯಲ್ಲಿ ಬೆಲ್ಲ ಇದೆ, ಮೇಲಿಂದ ಹಾಕುವ ಬೆಲ್ಲ ಅರ್ಧಕ್ಕೆ ಇಳಿಸಿ. ಹಲಸಿಲ್ಲದ ಡಿಸೆಂಬರಿನಲ್ಲಿ ಹಲಸಿನ ಕೇಕ್. ಪೇಟೆಯ ಯಾವ ಪ್ಲಮ್ ಕೇಕಿನ ಎದುರೂ ಅದನ್ನು ನಾನು ಧೈರ್ಯವಾಗಿ ಇಡುತ್ತೇನೆ.

ಕೊನೆಗೆ ಮಕ್ಕಳ ಹುಟ್ಟುಹಬ್ಬದ ಕೇಕ್ ಬಗ್ಗೆ ಕೇಳಿದ್ದೀರಿ. ಮೇಲಿನ ಕ್ರೀಮ್ ನಿಲ್ಲುವುದಿಲ್ಲ, ಏನು ಮಾಡುವುದು ಎಂದು. 33 ಡಿಗ್ರಿ ಸೆಕೆಯಲ್ಲಿ ಹಾಲಿನ ಕ್ರೀಮ್ ನಿಲ್ಲುವುದಿಲ್ಲ, ಅದು ನಿಮ್ಮ ಕೈಯ ದೋಷವಲ್ಲ. ಚಾಕಲೇಟ್ ಹಾಕಿ. ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಇದೆ. ಮಕ್ಕಳು ಕಾಯಿ ಒಡೆದು ಬಿಳಿ ತಿರುಳು ಚೀಪುತ್ತಾರೆ, ನಾವು ಹಸಿ ಬೀಜ ಮಾರುತ್ತೇವೆ. 1973ರಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ನಾವು ಬೆಳೆದದ್ದು ಒಂದು ಗಂಟೆಯ ದಾರಿಯಲ್ಲಿ ಚಾಕಲೇಟ್ ಆಗುವಾಗ, ದೂರದ ಬಣ್ಣದ ಕ್ರೀಮ್ ಪ್ಯಾಕೆಟ್ ಯಾಕೆ? 200 ಗ್ರಾಂ ಡಾರ್ಕ್ ಚಾಕಲೇಟನ್ನು ಸಣ್ಣಗೆ ಕೊಚ್ಚಿ. ಮೊದಲ ಸಲ ಹಿಂಡಿದ ದಪ್ಪ ಕಾಯಿಹಾಲು 100 ಮಿಲಿಲೀಟರ್ ಬಿಸಿ ಮಾಡಿ. ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ, ಕುದಿದರೆ ಒಡೆಯುತ್ತದೆ. ಚಾಕಲೇಟಿನ ಮೇಲೆ ಹೊಯ್ದು ಮೂರು ನಿಮಿಷ ಮುಟ್ಟಬೇಡಿ. ಮತ್ತೆ ನಡುವಿನಿಂದ ಹೊರಗೆ ಮೆಲ್ಲ ತಿರುಗಿಸಿ, ಹೊಳಪು ಬರುತ್ತದೆ. ಸ್ವಲ್ಪ ತಣಿದು ದಪ್ಪಗಾದ ಮೇಲೆ ಕೇಕಿಗೆ ಹಚ್ಚಿ ಎರಡು ಗಂಟೆ ಬಿಡಿ. ಕತ್ತರಿಸುವಾಗ ಚೂರಿಯನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಪ್ರತಿ ತುಂಡಿಗೂ ಮತ್ತೆ ಅದ್ದಿ. ಎಂಟು ಇಂಚಿನ ಕೇಕಿನಿಂದ ಹದಿನಾರು ತುಂಡು ಧಾರಾಳ ಬರುತ್ತದೆ. ಮಕ್ಕಳೇ ಜಾಸ್ತಿ ಇದ್ದರೆ ಇಪ್ಪತ್ತು ಮಾಡಿ.